ಕೆಳಗಿನ ಮನೆಯ ಒಪ್ಪಿಗೆ

ಬಸವಂತಮ್ಮನ ದನಿ ದೊಡ್ಡದು. ಅದಕ್ಕೆ ಅವಳನ್ನು ದೂರಿ ಪ್ರಯೋಜನವಿಲ್ಲ. ಮಾನ್ವಿ ತಾಲೂಕಿನ ಪೋತ್ನಾಳದಲ್ಲಿ ಅರ್ಧ ಆಯುಷ್ಯ ಹಿಟ್ಟಿನ ಗಿರಣಿ ನಡೆಸಿದವಳು; ಗಿರಣಿಯ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ, ಗಿರಣಿ ಮಾರಿದ ಮೇಲೂ ದನಿ ಕೆಳಗಿಳಿಯಲಿಲ್ಲ. ರಾಯಚೂರಿನ ಲಿಂಗಸುಗೂರು ರಸ್ತೆಯ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಲ್ಲಿ ಮನೆ ಕೊಂಡು ಬಂದಾಗಿನಿಂದ, ಅವಳ ಮನೆಯಲ್ಲಿ ಇವತ್ತು ಏನು ಪಲ್ಯ ಎಂಬುದು ಎಲ್ಲ ಮಹಡಿಗಳಿಗೂ ಗೊತ್ತು. ಆದರೆ ಒಂದು ಸಂಗತಿಯನ್ನು ಮಾತ್ರ ಅವಳು ಪಿಸುಮಾತಿನಲ್ಲಿಯೂ ಯಾರಿಗೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಅವಳಿಗೆ ಜಳಕ ಮಾಡಿಸುತ್ತಿದ್ದವಳು ಮೊಮ್ಮಗಳು ಕಾವ್ಯಾ.

ಆ ಮನೆಯ ಬಚ್ಚಲು ಕಟ್ಟಿದವನಿಗೆ ಯಾರ ಮೇಲೆ ಸಿಟ್ಟಿತ್ತೋ ಏನೋ. ಬಾಗಿಲಿಗೆ ಅಡ್ಡ ಗೇಣೆತ್ತರದ ಕಟ್ಟೆ, ಒಳಗೆ ಕುಕ್ಕರುಗಾಲಿನಲ್ಲಿ ಕೂಡುವ ಪಾಯಖಾನೆ, ಹಿಡಿದುಕೊಳ್ಳಲು ಒಂದು ಗೂಟವೂ ಇಲ್ಲ. ಬೇಸಿಗೆಗೆ ಮುಂಚೆ ಬಸವಂತಮ್ಮ ಆ ಕಟ್ಟೆಗೆ ಎಡವಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಆಪರೇಷನ್ ಆಯಿತು, ಒಳಗೆ ಸ್ಟೀಲಿನ ಪಟ್ಟಿ ಕೂತಿತು, ಕೈಗೆ ವಾಕರ್ ಬಂತು. ಇನ್ನು ಮೇಲೆ ಕುಕ್ಕರಿಸುವುದು, ಎತ್ತರದ್ದನ್ನು ದಾಟುವುದು ಎರಡೂ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದರು. ಅಂದಿನಿಂದ ಕಾವ್ಯಾ ಅವಳನ್ನು ತಬ್ಬಿ ಹಿಡಿದು ಕಟ್ಟೆ ದಾಟಿಸುವುದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸುವುದು, ಮೈಮೇಲೆ ನೀರು ಸುರಿಯುವುದು ನಡೆದಿತ್ತು. ಬಸವಂತಮ್ಮ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಕಾವ್ಯಾ ಅದು ಸೋಪಿಗೆ ಎಂದುಕೊಂಡಿದ್ದಳು. ಅದು ನಾಚಿಕೆಗೆ.

ಜಳಕವಾಗದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಬಾಯಿಗೆ ನೀರೂ ಇಲ್ಲ. ಇದು ಅವಳ ತಾಯಿಯಿಂದ ಬಂದ ನೇಮ. ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ನೀರೆರೆಯುವಾಗ ಅವಳ ಮನಸ್ಸು ಈಚೆಗೆ ತಡವರಿಸುತ್ತಿತ್ತು. ಒಮ್ಮೆ ಪೂಜೆಯ ನಡುವೆಯೇ ಗೊಣಗಿದಳು:

"ನಿನಗ ನೀರ ಹಾಕಾಕ ನನ್ನ ಕೈ ಬೇಕು. ನನಗ ನೀರ ಹಾಕಾಕ ಮಂದಿ ಕೈ. ಇದೆಂಥ ನ್ಯಾಯಪ್ಪಾ ಶಿವನ?"

ಶಿವ ಉತ್ತರ ಕೊಡಲಿಲ್ಲ, ಆದರೆ ಸರ್ಕಾರ ಕೊಟ್ಟಿತು. ಅಜ್ಜಿಯ ಮನೆಯಲ್ಲೇ ಇದ್ದು ನರ್ಸಿಂಗ್ ಓದಿದ್ದ ಕಾವ್ಯಾಗೆ ದೇವದುರ್ಗದ ಸರ್ಕಾರಿ ದವಾಖಾನೆಯಲ್ಲಿ ಕೆಲಸವಾಯಿತು. ಬರುವ ತಿಂಗಳ ಒಂದನೇ ತಾರೀಕಿಗೆ ಹಾಜರಾಗಬೇಕು, ಹಗಲು ರಾತ್ರಿ ಪಾಳಿ, ಅಲ್ಲೇ ಕೋಣೆ ಮಾಡಿಕೊಂಡು ಇರಬೇಕು. ಆದೇಶ ಬಂದ ದಿನ ಬಸವಂತಮ್ಮ ನಾಲ್ಕು ಮಹಡಿಗೂ ಪೇಢೆ ಹಂಚಿಸಿದಳು. ಕಾವ್ಯಾ ಮಾತ್ರ ಪೇಢೆಯನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಅವಳ ಕಣ್ಣು ಬಚ್ಚಲ ಕಟ್ಟೆಯ ಮೇಲಿತ್ತು.

"ಆಯಿ, ನೀ ಮಾನ್ವಿಗೆ ಹೋಗ್ತಿಯೇನು? ಅವ್ವ ನೋಡ್ಕೊಂತಾಳ" ಎಂದಳು.

ಮಾನ್ವಿಯಲ್ಲಿ ಇರುವುದು ಬಸವಂತಮ್ಮನ ಮಗಳು ಸ್ವಪ್ನಾ, ಅಂದರೆ ಕಾವ್ಯಾಳ ತಾಯಿ. ಆ ಮನೆಯಲ್ಲಿ ಅಳಿಯ, ಅಳಿಯನ ಅಪ್ಪ, ಅಳಿಯನ ಅಣ್ಣ, ಎಲ್ಲರೂ ಇದ್ದಾರೆ, ಬಚ್ಚಲು ಹಿತ್ತಲಿನಲ್ಲಿದೆ. "ಬೀಗರ ಮುಂದ ನನ್ನ ಎತ್ತಿಕೊಂಡು ಬಚ್ಚಲಕ್ಕ ಒಯ್ಯಬೇಕಾ? ಸಾಯೂತನಕ ಹೋಗಂಗಿಲ್ಲ" ಎಂದಳು ಬಸವಂತಮ್ಮ. ಇದೂ ನಾಲ್ಕು ಮಹಡಿಗೆ ಕೇಳಿಸುತ್ತಿತ್ತು, ಕಾವ್ಯಾ ಎದ್ದು ಕಿಟಕಿ ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಬಸವಂತಮ್ಮ ತಾನೇ ದಾರಿ ಹುಡುಕಿದಳು. "ಬಚ್ಚಲ ಒಡಸೂನು. ಕಟ್ಟಿ ತಗಸಿ, ಕಮೋಡು ಕುಂದ್ರಸಿ, ಗ್ವಾಡಿಗೆ ರಾಡ್ ಬಡಸೂನು. ನಾ ಒಬ್ಬಾಕೀನ ಜಳಕ ಮಾಡ್ತೀನಿ. ನೀ ನಿನ್ನ ಡ್ಯೂಟಿಗೆ ಹೋಗು."

ಸ್ವಂತ ಮನೆ, ಸ್ವಂತ ಬಚ್ಚಲು, ಒಡೆಯಲು ಯಾರನ್ನು ಕೇಳಬೇಕು ಎಂದುಕೊಂಡಿದ್ದಳು ಪಾಪ. ಅಪಾರ್ಟ್‌ಮೆಂಟಿನಲ್ಲಿ ಕಾರ್ಯದರ್ಶಿ ಎಂಬ ಜೀವವೊಂದು ಇರುತ್ತದೆ. ಇಲ್ಲಿ ಅದರ ಹೆಸರು ಅಂಬರೀಶ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ಮೇಲೆ ಸಹಿ ಹಾಕಲು ಕಾಗದವಿಲ್ಲದೆ ಸೊರಗಿದ್ದವರು, ಮನೆಮಾಲೀಕರ ಸಂಘ ಆದ ಮೇಲೆ ಮತ್ತೆ ಮೈ ತುಂಬಿಕೊಂಡಿದ್ದರು. ಲಿಫ್ಟಿನ ಪಕ್ಕ ನಿಯಮಗಳ ಹಾಳೆಗೆ ಗಾಜಿನ ಚೌಕಟ್ಟು ಹಾಕಿಸಿದವರು ಅವರೇ.

"ಯವ್ವಾ, ಟೈಲ್ಸ್ ನಿಮ್ಮವು. ಟೈಲ್ಸ್ ಕೆಳಗಿನ ಸ್ಲ್ಯಾಬು ಎಲ್ಲಾರದೂ" ಎಂದು ಅವರು ಬಸವಂತಮ್ಮನ ಮುಂದೆ ಕೂತು ವಿವರಿಸಿದರು. "ನಿಮ್ಮ ನೆಲ ಅಂದ್ರ ಕೆಳಗಿನವರ ಮಾಳಿಗಿ ನೋಡ್ರಿ. ಹತ್ತರಿಂದ ಐದರ ಒಳಗ ಒಡೀಬೇಕು, ಒಡದ ಮಣ್ಣು ಲಿಫ್ಟಿನ್ಯಾಗ ತರಬಾರದು, ಪೈಪಿನ ಜಾಗ ಬದಲಿ ಮಾಡಬಾರದು, ನೀರು ಸೋರಲಾರದಂಗ ಲೇಪ ಹಾಕಿ, ನೀರು ನಿಂದ್ರಿಸಿ ಪರೀಕ್ಷಾ ಮಾಡಬೇಕು. ಎಲ್ಲಾಕ್ಕಿಂತ ಮೊದಲ ಕೆಳಗಿನ ಮನಿಯವರ ಒಪ್ಪಿಗಿ ಸಹಿ ಬೇಕು."

ಇದರಲ್ಲಿ ಅಂಬರೀಶರ ಹಟವೊಂದೇ ಇರಲಿಲ್ಲ. ಹಿಂದೆ ಮೂರನೇ ಮಹಡಿಯವರೊಬ್ಬರು ಯಾರನ್ನೂ ಕೇಳದೆ ಬಚ್ಚಲು ಅಗೆಸಿ, ಪೈಪು ಒಡೆದು, ನೀರೆಲ್ಲ ಲಿಫ್ಟಿನ ಗುಂಡಿಗೆ ಇಳಿದು, ಆ ಬೇಸಿಗೆಯೆಲ್ಲ ಜನ ಮೆಟ್ಟಿಲು ಹತ್ತಿ ಇಳಿದು ಏದುಸಿರು ಬಿಟ್ಟಿದ್ದರು. ರಾಯಚೂರಿನ ಬೇಸಿಗೆಯಲ್ಲಿ ಮೆಟ್ಟಿಲು ಹತ್ತಿಸಿದವನನ್ನು ಜನ ಸುಲಭಕ್ಕೆ ಮರೆಯುವುದಿಲ್ಲ.

"ಯಾಕ ಒಡಸ್ತೀರಿ, ಕಾರಣ ಬರೀಬೇಕಲ್ರಿ" ಎಂದು ಅಂಬರೀಶ ಪೆನ್ನು ಎತ್ತಿದರು.

ಬಸವಂತಮ್ಮ ಕಾವ್ಯಾಳ ಮುಖ ನೋಡಿದಳು, ಗೋಡೆ ನೋಡಿದಳು. ನನ್ನ ಮೈ ನಾನು ತೊಳೆದುಕೊಳ್ಳಲಾರೆ ಎಂದು ಈ ಬ್ಯಾಂಕಿನ ಸಾಹೇಬರ ಪೆನ್ನಿಗೆ ಹೇಳುವುದೇ? "ದುರಸ್ತಿ ಅಂತ ಬರ್ಕೊಳ್ರಿ" ಎಂದಳು. ಅವಳು ಜೀವನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ಅಪರೂಪ.

ಕೆಳಗಿನ ಮನೆ, ಅಂದರೆ ಮೊದಲ ಮಹಡಿಯ ಮನೆ, ಅನ್ವರಿ ಬೇಗಂ ಅವರದು. ಉರ್ದು ಶಾಲೆಯಲ್ಲಿ ಮೇಡಂ ಆಗಿದ್ದವರು, ಎಲ್ಲರಿಗೂ ಟೀಚರಮ್ಮ. ಗಂಡ ಪೀರಾ ಸಾಬ್ ತೀರಿಕೊಂಡು ವರ್ಷ ದಾಟಿತ್ತು, ಒಬ್ಬರೇ ಇದ್ದರು. ಟೀಚರಮ್ಮನ ದನಿ ಎಷ್ಟು ಮೆತ್ತಗೆಂದರೆ, ಅವರು ಮಕ್ಕಳಿಗೆ ಪಾಠ ಹೇಗೆ ಮಾಡಿದರು ಎಂಬುದೇ ಬಸವಂತಮ್ಮನಿಗೆ ಅಚ್ಚರಿ. ಇಬ್ಬರ ನಡುವೆ ದ್ವೇಷವಿರಲಿಲ್ಲ, ಬಳಕೆಯೂ ಅಷ್ಟಕ್ಕಷ್ಟೇ. ಹಬ್ಬಕ್ಕೆ ಹೋಳಿಗೆ ಕೆಳಗೆ ಹೋಗುತ್ತಿತ್ತು, ಈದಿಗೆ ಶೀರ್‌ಖುರ್ಮಾ ಮೇಲೆ ಬರುತ್ತಿತ್ತು. ಮಾತು ಬಾಗಿಲಲ್ಲೇ ಮುಗಿಯುತ್ತಿತ್ತು.

ಮರುದಿನ ಬಸವಂತಮ್ಮ ಇಳಕಲ್ ಸೀರೆ ಉಟ್ಟು, ವಾಕರ್ ಊರುತ್ತ, ಲಿಫ್ಟಿನಲ್ಲಿ ಕೆಳಗಿಳಿದಳು. ಟೀಚರಮ್ಮ ಗಾಬರಿಯಿಂದ ಕುರ್ಚಿ ಎಳೆದು ಕೊಟ್ಟು, ಚಹಾ ಮಾಡಿ ತಂದರು. ಬಸವಂತಮ್ಮ ಪೀಠಿಕೆ ಹಾಕುವವಳಲ್ಲ.

"ಬಚ್ಚಲದ ಸಲುವಾಗಿ ಬಂದೀನ್ರಿ ಟೀಚರಮ್ಮ. ಒಡಸಬೇಕಂತ ಮಾಡೀನಿ. ನಿಮಗ ತ್ರಾಸ ಆಗ್ತದ, ನನಗ ಗೊತ್ತದ."

ಟೀಚರಮ್ಮನ ಮುಖ ಕೆಂಪಾಯಿತು. ಸೆರಗು ಎಳೆದುಕೊಂಡು, ಬಸವಂತಮ್ಮನ ಕೈ ಮೇಲೆ ಕೈ ಇಟ್ಟು, "ಇರ್ಲಿ ಬಿಡ್ರಿ ಅಕ್ಕಾ" ಎಂದರು. ಮತ್ತೊಮ್ಮೆ, ಇನ್ನೂ ಮೆತ್ತಗೆ, "ಇರ್ಲಿ ಬಿಡ್ರಿ. ಚಾ ಕುಡೀರಿ."

ಬಸವಂತಮ್ಮ ಚಹಾ ಕುಡಿದು, ಜಗತ್ತಿನಲ್ಲಿ ಒಳ್ಳೆಯವರು ಇನ್ನೂ ಇದ್ದಾರೆ ಎಂದುಕೊಂಡು ಮೇಲೆ ಬಂದಳು. ಅವತ್ತೇ ಯಾಪಲದಿನ್ನಿಯ ಗೌಂಡಿ ಹುಲಿಗೆಪ್ಪನಿಗೆ ಫೋನು ಹೋಯಿತು.

ಹುಲಿಗೆಪ್ಪ ಸುತ್ತಿಗೆ, ಉಳಿ ಹಿಡಿದು ಬಂದ ದಿನವೇ ಅಂಬರೀಶ ಮೆಟ್ಟಿಲಲ್ಲಿ ಅವನನ್ನು ತಡೆದು, ಅವನ ಹಿಂದೆಯೇ ಬಸವಂತಮ್ಮನ ಮನೆಗೆ ಬಂದರು.

"ಕೆಲಸ ಸುರು ಮಾಡಂಗಿಲ್ರಿ. ಟೀಚರಮ್ಮ ಸಹಿ ಹಾಕಲಿಲ್ಲ."

"ಹಾಕಲಿಲ್ಲ? ನನ್ನ ಮುಂದ ಹೂಂ ಅಂದಾರ!"

"ಹೂಂ ಅಂದ್ರಾ? ನನಗ ಇರ್ಲಿ ಬಿಡ್ರಿ ಅಂದ್ರು. ಕಾಗದ ಮುಂದ ಹಿಡಿದೆ, ವಾಪಸ್ ಸರಿಸಿದ್ರು."

"ಅದನ್ನೇ ನನಗೂ ಅಂದ್ರು! ಇರ್ಲಿ ಬಿಡ್ರಿ ಅಂದ್ರ ಅಡ್ಡಿ ಇಲ್ಲ ಅಂತ. ಗಿರಣ್ಯಾಗ ಚಿಲ್ಲರ ವಾಪಸ್ ಕೊಡಾಕ ಹೋದ್ರ ಮಂದಿ ಏನಂತಿದ್ರು? ಇರ್ಲಿ ಬಿಡವ್ವಾ ಅಂತಿದ್ರು. ಅಂದ್ರ ಇಟ್ಕೋ ಅಂತ!"

"ನಮ್ಮ ಬ್ಯಾಂಕಿನ್ಯಾಗ ಮ್ಯಾಲಿನ ಸಾಹೇಬ್ರು ಫೈಲ್ ನೋಡಿ ಇರ್ಲಿ ಬಿಡ್ರಿ ಅಂದ್ರ, ಆ ಫೈಲ್ ಸತ್ತಂಗ" ಎಂದರು ಅಂಬರೀಶ.

ಹುಲಿಗೆಪ್ಪ ಬಾಗಿಲಲ್ಲಿ ನಿಂತು ತನ್ನ ಪಾಲನ್ನೂ ಸೇರಿಸಿದ. "ನಮ್ಮ ಕೆಲಸದಾಗ ಮಾಲಕರು ಆ ಗ್ವಾಡಿ ಇರ್ಲಿ ಬಿಡು ಅಂದ್ರ, ಒಡೀಬ್ಯಾಡ ಅಂತ ಅರ್ಥರೀ ಯವ್ವಾ."

ಮೂವರ ಮುಖವನ್ನೂ ನೋಡಿದ ಕಾವ್ಯಾ ನಕ್ಕುಬಿಟ್ಟಳು. ಒಂದು ಮಾತಿಗೆ ಮೂರು ಅರ್ಥ, ಮೂರೂ ಸರಿ. ಆದರೆ ಬಸವಂತಮ್ಮನಿಗೆ ನಗು ಬರಲಿಲ್ಲ. ಕೈ ಮೇಲೆ ಕೈ ಇಟ್ಟು, ಚಹಾ ಕುಡಿಸಿ, ಅಷ್ಟು ನಯವಾಗಿ ಇಲ್ಲ ಎಂದರೇ ಆ ಟೀಚರಮ್ಮ? ಮುಖದ ಮೇಲೆ ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಹುಲಿಗೆಪ್ಪ ಸುತ್ತಿಗೆಯನ್ನು ಮತ್ತೆ ಚೀಲಕ್ಕೆ ಸೇರಿಸಿ ಮೆಟ್ಟಿಲಿಳಿದ. ಅಂಬರೀಶ ಸಂಘದ ಸಭೆಯಲ್ಲಿ ವಿಷಯ ಇಡೋಣ ಎಂದರು, ಆದರೆ ಸಭೆ ಇದ್ದದ್ದು ಮುಂದಿನ ತಿಂಗಳು.

ದಿನಗಳು ಸುಮ್ಮನೆ ಸರಿದವು. ಬಸವಂತಮ್ಮ ಸಿಟ್ಟಿಗೆ ಊಟ ಕಡಿಮೆ ಮಾಡಿದಳು, ನೀರು ಕುಡಿಯುವುದನ್ನಂತೂ ಬಿಟ್ಟೇಬಿಟ್ಟಳು. ಕುಡಿದರೆ ಕಾವ್ಯಾಳನ್ನು ಕರೆಯಬೇಕಲ್ಲ. ಒಂದು ಮಧ್ಯಾಹ್ನ ಮಂಚದ ಮೇಲೆ ಅಡ್ಡಾಗಿದ್ದಾಗ, ಕಾವ್ಯಾ ಅಡುಗೆಮನೆಯಲ್ಲಿ ನಿಂತು ಮಾನ್ವಿಗೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಇಲ್ಲವ್ವಾ, ನಾ ಹೋಗಂಗಿಲ್ಲ. ಬರಲ್ಲ ಅಂತ ಬರದು ಕೊಡ್ತೀನಿ. ಆಯಿಗೆ ಹೇಳಬ್ಯಾಡ, ತಾರೀಕು ಮುಂದ ಹೋಗ್ಯಾದ ಅಂತ ನಾನ ಏನರ ಹೇಳ್ತೀನಿ. ಆಕೀನ್ನ ಹಿಂಗ ಬಿಟ್ಟು ಹ್ಯಾಂಗ ಹೋಗ್ಲಿ?"

ಬಸವಂತಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಗಿರಣಿಯ ಹಿಟ್ಟಿನ ಧೂಳು ಕುಡಿದು ಓದಿಸಿದ ಹುಡುಗಿ. ಬಿಳಿ ಬಟ್ಟೆ ಹಾಕಿಕೊಂಡು ದವಾಖಾನೆಯಲ್ಲಿ ಓಡಾಡುವುದನ್ನು ನೋಡಬೇಕೆಂದು ಬಯಸಿದ ಹುಡುಗಿ. ಅವಳ ಬಾಳಿಗೆ ಈಗ ತಾನೇ ಅಡ್ಡಗಟ್ಟೆ. ಕಣ್ಣೀರು ಬಂತು, ಬಂದಷ್ಟೇ ಬೇಗ ಸಿಟ್ಟಾಯಿತು, ಸಿಟ್ಟು ನೇರ ಕೆಳಗಿನ ಮನೆಗೆ ಇಳಿಯಿತು. ಕಾವ್ಯಾ ಬಟ್ಟೆ ಒಗೆಯಲು ಬಚ್ಚಲಿಗೆ ಹೋದದ್ದೇ ತಡ, ಬಸವಂತಮ್ಮ ವಾಕರ್ ಎಳೆದುಕೊಂಡು ಹೊರಬಿದ್ದಳು. ಉಟ್ಟದ್ದು ಮನೆ ಸೀರೆ, ಕೆದರಿದ ಕೂದಲು. ಜಗಳಕ್ಕೆ ಇಳಕಲ್ ಸೀರೆ ಬೇಕಿಲ್ಲ.

ಬಾಗಿಲು ತೆಗೆದ ಟೀಚರಮ್ಮನ ತೋಳು ಮೊಣಕೈವರೆಗೆ ಒದ್ದೆಯಿತ್ತು, ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯ ನಲ್ಲಿಯಲ್ಲಿ ನಮಾಜಿಗೆ ಕೈಕಾಲು ತೊಳೆದುಕೊಳ್ಳುತ್ತಿದ್ದರು.

"ಒಳಗ ಬರ್ರಿ ಅಕ್ಕಾ" ಎಂದರು.

ಒಳಗೆ ಬಂದ ಬಸವಂತಮ್ಮ ಶುರು ಮಾಡಿದಳು. ಟೀಚರಮ್ಮ ಓದಿದವರೆಂದು ತಿಳಿದಿದ್ದೆ, ಮನಸ್ಸಿನಲ್ಲಿ ಒಂದು ಬಾಯಲ್ಲಿ ಒಂದು ಇಟ್ಟುಕೊಳ್ಳುವುದನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ, ಇಲ್ಲ ಎನ್ನುವುದಿದ್ದರೆ ಇಲ್ಲ ಎನ್ನಬೇಕಿತ್ತು, ಚಹಾ ಯಾಕೆ ಕುಡಿಸಬೇಕಿತ್ತು. ದನಿ ಏರುತ್ತಲೇ ಹೋಯಿತು. ಮೂರನೇ ಮಹಡಿಯಲ್ಲಿ ಯಾರೋ ಟಿವಿಯ ಸದ್ದು ಕಡಿಮೆ ಮಾಡಿದರು. ಇನ್ನೂ ಮುಖ್ಯ ಮಾತಿಗೆ ಬಂದಿರಲಿಲ್ಲ, ಅಷ್ಟರಲ್ಲಿ ಮುದಿ ಮೈ ಕೈಕೊಟ್ಟಿತು. ಸಿಟ್ಟಿಗೋ, ಲಿಫ್ಟಿನ ಕುಲುಕಿಗೋ, ಬೆಳಗಿನಿಂದ ತಡೆದದ್ದಕ್ಕೋ. ಬಸವಂತಮ್ಮ ಮಾತು ನಿಲ್ಲಿಸಿ ವಾಕರನ್ನು ಬಿಗಿಯಾಗಿ ಹಿಡಿದಳು.

"ಟೀಚರಮ್ಮ, ಬಚ್ಚಲ ಎಲ್ಲ್ಯದ? ಒಂದಕ್ಕ ಅವಸರ ಆಗ್ಯಾದ."

ಶಾಲೆಯಲ್ಲಿ ಆ ಮಾತನ್ನು ಸಾವಿರ ಸಲ ಕೇಳಿದ್ದ ಟೀಚರಮ್ಮ, ಇವತ್ತು ಮಾತ್ರ ಕಂಗಾಲಾದರು. "ಒಂದ ನಿಮಿಷ ತಡೀರಿ ಅಕ್ಕಾ, ನಾ ಒಳಗ ಸ್ವಲ್ಪ..." ಎನ್ನುತ್ತ ಬಚ್ಚಲ ಬಾಗಿಲಿಗೆ ಅಡ್ಡ ನಿಂತರು.

ನನ್ನನ್ನು ಬಚ್ಚಲಿಗೂ ಬಿಡುವುದಿಲ್ಲವೇ ಈಕೆ! ಬಸವಂತಮ್ಮ ವಾಕರಿನಿಂದಲೇ ದಾರಿ ಮಾಡಿಕೊಂಡು, ಬಾಗಿಲು ನೂಕಿ ಒಳಗೆ ಹೋದಳು.

ಹೋದ ಮೇಲೆ ಅವಳಿಗೆ ಮೊದಲು ಹೊಳೆದದ್ದು, ತಾನು ಏನನ್ನೂ ದಾಟಲಿಲ್ಲ ಎಂಬುದು. ಅಲ್ಲಿ ಕಟ್ಟೆಯೇ ಇರಲಿಲ್ಲ. ಗೋಡೆಗೆ ಸ್ಟೀಲಿನ ರಾಡು, ಪಕ್ಕದಲ್ಲಿ ಎತ್ತರದ ಕಮೋಡು, ಕೂತು ಜಳಕ ಮಾಡಲು ಅಗಲವಾದ ಪೀಠ, ಕೈಗೆಟಕುವಲ್ಲಿ ನಲ್ಲಿ. ಹಾಸಿಗೆ ಹಿಡಿದ ಗಂಡನಿಗಾಗಿ, ಸಂಘ, ನಿಯಮ ಯಾವುದೂ ಇಲ್ಲದ ಕಾಲದಲ್ಲಿ ಮಾಡಿಸಿದ ಬಚ್ಚಲು ಅದು. ಬಸವಂತಮ್ಮ ರಾಡು ಹಿಡಿದಳು, ಮೈ ಇಳಿಸಿದಳು, ಕೂತಳು. ಯಾರ ಕೈಯೂ ಬೇಕಾಗಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ.

ಟಪ್ ಎಂದು ಅವಳ ನಡುನೆತ್ತಿಯ ಮೇಲೆ ಒಂದು ಹನಿ ಬಿತ್ತು. ತಲೆ ಎತ್ತಿ ನೋಡಿದಳು. ಛತ್ತಿನ ತುಂಬ ಬಿಳಿ ಉಪ್ಪು ಬಿಟ್ಟ ಕಲೆ. ಅದರ ಕೆಳಗೆ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ತೂಗುಬಿಟ್ಟ ಪ್ಲಾಸ್ಟಿಕ್ ಹಾಳೆ. ಹಾಳೆಯ ನೀರು ಇಳಿದು ಬೀಳಲು ಮೂಲೆಯಲ್ಲಿ ಬಕೀಟು. ಬಕೀಟು ಅರ್ಧ ತುಂಬಿತ್ತು. ಹಾಳೆ ಹರಿದಲ್ಲಿಂದ ಇನ್ನೊಂದು ಹನಿ ಬಿತ್ತು. ಸೋಪಿನ ವಾಸನೆ. ಮೇಲೆ ಕಾವ್ಯಾ ಬಟ್ಟೆ ಒಗೆಯುತ್ತಿದ್ದಳು, ತನ್ನ ಮನೆಯ ನೀರು ತನ್ನ ತಲೆಯ ಮೇಲೆಯೇ ಬೀಳುತ್ತಿತ್ತು.

ಟೀಚರಮ್ಮ ಅಡುಗೆಮನೆಯಲ್ಲಿ ಯಾಕೆ ಕೈಕಾಲು ತೊಳೆಯುತ್ತಿದ್ದರು ಎಂಬುದು ಆಗ ಅರ್ಥವಾಯಿತು. ತಾನು ಶಿವಪೂಜೆಗೆಂದು ಮೈಮೇಲೆ ಸುರಿಸಿಕೊಂಡ ನೀರೆಲ್ಲ ಇಳಿದು ಬಂದು ಈ ಹೆಂಗಸಿನ ನಮಾಜಿನ ನೀರನ್ನು ಕೆಡಿಸುತ್ತಿತ್ತು. ಬಸವಂತಮ್ಮನಿಗೆ ಮೈಯೆಲ್ಲ ನಾಚಿಕೆಯಾಯಿತು. ಜಗಳಕ್ಕೆಂದು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಹೊರಗೆ ಬಂದವಳು ಕುರ್ಚಿಯಲ್ಲಿ ಕುಸಿದಳು. "ಯಾವಾಗಿಂದ ಸೋರಾಕತ್ತೇದ ಟೀಚರಮ್ಮ?"

"ನೀವು ಬಂದ ಮಳಿಗಾಲದಿಂದ" ಎಂದರು ಟೀಚರಮ್ಮ, ತಪ್ಪು ತಮ್ಮದೇ ಎಂಬಂತೆ.

"ಬಾಯಿ ಇಲ್ಲೇನ್ರಿ ನಿಮಗ? ಒಂದ ಮಾತು ಹೇಳಬಾರದಾ?"

"ಹ್ಯಾಂಗ ಹೇಳ್ಲಿ ಅಕ್ಕಾ? ಹೇಳಬೇಕು ಅಂದ್ಕೊಂಡ ದಿನಾನ ನೀವು ಹೋಳಿಗಿ ಡಬ್ಬಿ ಕಳಿಸಿದ್ರಿ. ಡಬ್ಬಿ ಖಾಲಿ ವಾಪಸ್ ಕೊಡಬಾರದು ನೋಡ್ರಿ. ಅದರಾಗ ತಕರಾರು ಹಾಕಿ ಕಳಿಸ್ಲೇನು? ಆಮ್ಯಾಲೆ ನಮ್ಮ ಮನಿಯವರು ಮಲಗಿದ್ರು, ಆಮ್ಯಾಲೆ ಹೋದ್ರು, ಆಮ್ಯಾಲೆ ನೀವ ಬಿದ್ರಿ. ಮುರಿದ ಕಾಲಿನ ಮನಷ್ಯಾರ ಬಾಗಿಲಿಗೆ ಹೋಗಿ ಸೋರಾಕತ್ತೇದ ಅಂತ ಅನ್ಲೇನು?" ಟೀಚರಮ್ಮ ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡರು. "ಅವತ್ತು ನೀವು ವಾಕರ್ ಹಿಡ್ಕೊಂಡು ಬಂದು, ನಿಮಗ ತ್ರಾಸ ಆಗ್ತದ ನನಗ ಗೊತ್ತದ, ಬಚ್ಚಲ ಒಡಸ್ತೀನಿ ಅಂದ್ರಿ. ಯಾರೋ ಹೇಳ್ಯಾರ ಅಂದ್ಕೊಂಡೆ. ನನ್ನ ಎರಡು ಹನಿ ನೀರಿಗೆ ಇವರು ಮನಿ ಒಡಸೋದಾ ಅಂತ ಜೀವ ಕಿತ್ಕೊಂತು. ಅಂಬರೀಶ್ ಸಾಬ್ರು ತಂದ ಕಾಗದದಾಗ ದುರಸ್ತಿ ಅಂತ ಇತ್ತು. ಸಹಿ ಹಾಕಿದ್ರ ನಾನ ಹೇಳಿ ಮಾಡಿಸಿದಂಗ ಆಗ್ತದಲ್ಲ. ಅದಕ್ಕ ಬ್ಯಾಡ ಅಂದೆ."

ಯಾರಿಗೂ ಹೇಳದೆ ಎದೆಯಲ್ಲಿ ಒತ್ತಿಟ್ಟುಕೊಂಡಿದ್ದ ಮಾತನ್ನು ಬಸವಂತಮ್ಮನಿಗೆ ಈಗ ಹೇಳದೆ ಗತಿಯಿರಲಿಲ್ಲ.

"ನಿಮ್ಮ ಸಲುವಾಗಿ ಅಲ್ರೀ ಟೀಚರಮ್ಮ. ನಿಮ್ಮ ಹನಿ ನನಗ ಗೊತ್ತ ಇದ್ದಿದ್ದಿಲ್ಲ. ನನ್ನ ಸಲುವಾಗಿ. ನನಗ ಒಬ್ಬಾಕೀಗೆ ಜಳಕ ಮಾಡಾಕ ಬರಂಗಿಲ್ಲ. ಹುಡುಗಿ ಮಾಡಿಸ್ತಾಳ. ನನ್ನ ಜಳಕದ ಸಲುವಾಗಿ ಆಕಿ ನೌಕರಿ ಬಿಡಾಕತ್ತಾಳ." ಅಷ್ಟು ಹೇಳುವಷ್ಟರಲ್ಲಿ ಅವಳ ದೊಡ್ಡ ದನಿ ಒಡೆಯಿತು.

ಗಂಡನನ್ನು ಎರಡು ವರ್ಷ ಆ ಪೀಠದ ಮೇಲೆ ಕೂಡಿಸಿದ್ದ ಟೀಚರಮ್ಮನಿಗೆ ಹೆಚ್ಚು ವಿವರಿಸುವ ಅಗತ್ಯವಿರಲಿಲ್ಲ. "ತೋಬಾ, ತೋಬಾ" ಎಂದು ಎದ್ದು, ಫೋನು ತೆಗೆದು ಅಂಬರೀಶರಿಗೆ ಹಚ್ಚಿದರು. ಆ ಮನೆಯಿಂದ ಅಷ್ಟು ಜೋರು ದನಿ ಹೊರಟದ್ದನ್ನು ಬಸವಂತಮ್ಮ ಅದೇ ಮೊದಲು ಕೇಳಿದ್ದು.

"ಸಾಬ್, ಕಾಗದ ತಗೊಂಡು ಬರ್ರಿ. ಈಗಿಂದೀಗ."

ಅಂಬರೀಶ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಬಂದರು. ಕಾರಣದ ಜಾಗದಲ್ಲಿ ದುರಸ್ತಿ ಎಂದಿದ್ದದ್ದನ್ನು ಬಸವಂತಮ್ಮ ತಾನೇ ಹೊಡೆದು ಹಾಕಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆಸಿದಳು. ಬರೆಯುತ್ತ ಬರೆಯುತ್ತ ಅಂಬರೀಶರ ಪೆನ್ನು ನಿಧಾನವಾಯಿತು. "ಮೊದಲ ಹೇಳಿದ್ರ ನಾನ ಬಂದು ಮಾತಾಡ್ತಿದ್ದೆ ಯವ್ವಾ" ಎಂದರು. ಟೀಚರಮ್ಮ ಸಹಿ ಹಾಕಿದರು, ಉರ್ದುವಿನಲ್ಲಿ ಒಂದು, ಕನ್ನಡದಲ್ಲಿ ಒಂದು, ಮತ್ತೆ ಯಾರಿಗೂ ಅನುಮಾನ ಬರದಂತೆ.

ಮರುದಿನ ಹತ್ತಕ್ಕೆ ಸರಿಯಾಗಿ ಹುಲಿಗೆಪ್ಪನ ಸುತ್ತಿಗೆ ಬಿತ್ತು. ಕಟ್ಟೆಯ ಮೊದಲ ಇಟ್ಟಿಗೆ ಕಳಚಿದಾಗ ಬಸವಂತಮ್ಮ ವಾಕರ್ ಹಿಡಿದು ಎದುರಿಗೇ ನಿಂತು ನೋಡಿದಳು. ಇನ್ನೆರಡು ಏಟು ಹೆಚ್ಚಿಗೇ ಹಾಕು ಎಂದು ಹುರಿದುಂಬಿಸಿದಳು ಕೂಡ. ಆದರೆ ಸಂಜೆ ಹುಲಿಗೆಪ್ಪ ತಲೆ ಕೆರೆದುಕೊಂಡ.

"ನೆಲ ಎಲ್ಲಾ ತೆಗೀಬೇಕ್ರಿ ಯವ್ವಾ, ಸೋರೋದು ಅಡಿಯಿಂದ. ಲೇಪ ಹಾಕಬೇಕು, ಒಣಗಬೇಕು, ಸಾಹೇಬ್ರು ಹೇಳಿದಂಗ ನೀರ ನಿಂದ್ರಿಸಿ ನೋಡಬೇಕು. ಒಂದನೇ ತಾರೀಕಿಗೆ ಮುಗಿಯಂಗಿಲ್ಲ."

ಕಾವ್ಯಾ ಒಳಗೆ ಹೋಗಿ, ತುಂಬಿಟ್ಟಿದ್ದ ಬ್ಯಾಗಿನಿಂದ ಬಟ್ಟೆ ತೆಗೆಯತೊಡಗಿದಳು. ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಟೀಚರಮ್ಮ. ಹುಲಿಗೆಪ್ಪನ ಮಾತು ಮೆಟ್ಟಿಲವರೆಗೂ ಕೇಳಿಸಿತ್ತು.

"ನಮ್ಮ ಬಚ್ಚಲ ಒಡದಿಲ್ಲಲ್ಲ. ಕೆಲಸ ಮುಗಿಯೂತನಕ ಅಕ್ಕಾ ಜಳಕಕ್ಕೂ ಎಲ್ಲಾಕ್ಕೂ ಅಲ್ಲಿ ಬರ್ಲಿ. ಈಗ ಮ್ಯಾಲಿಂದ ನೀರೂ ಬೀಳಂಗಿಲ್ಲ" ಎಂದರು. ಆಮೇಲೆ ಏನೋ ನೆನಪಾಗಿ ತಡೆದರು. "ಪೂಜಿಗೆ ಮ್ಯಾಲೆ ಬರಬಹುದು. ನಾ ತಪ್ಪು ತಿಳ್ಕೊಳ್ಳಂಗಿಲ್ಲ."

ಬಸವಂತಮ್ಮ ಯೋಚಿಸಿದಳು. ಸುಳ್ಳು ಯಾಕೆ, ಸ್ವಲ್ಪ ಹೊತ್ತು ಯೋಚಿಸಿದಳು. ಪೋತ್ನಾಳದ ನೆಂಟರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು, ಮಾನ್ವಿಯ ಬೀಗರೂ ಬಂದರು, ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು. ಅವಳ ಕೈ ಕೊರಳಿನ ಕರಡಿಗೆಯನ್ನು ಮುಟ್ಟಿತು.

"ಲಿಂಗ ನನ್ನ ಮೈಮ್ಯಾಲೆ ಅದ. ಜಳಕ ಮಾಡಿದಲ್ಲೇ ಪೂಜಿ. ಒದ್ದಿ ಕೂದಲು ಬಿಟ್ಕೊಂಡು ಲಿಫ್ಟಿನ್ಯಾಗ ಯಾರು ಬರ್ತಾರ್ರಿ? ಒಂದು ಮೂಲಿ ತೋರಿಸ್ರಿ, ಸಾಕು" ಎಂದಳು. ಕಾವ್ಯಾಳ ಕಡೆ ತಿರುಗಿದಳು. "ಆ ಬಟ್ಟಿ ವಾಪಸ್ ಇಡು."

ಕಾವ್ಯಾ ಹೋಗುವವರೆಗೆ ಕೆಳಗಿನ ಬಚ್ಚಲಲ್ಲೂ ಅವಳೇ ಜಳಕ ಮಾಡಿಸಿದಳು. ಒಂದನೇ ತಾರೀಕಿನ ಬೆಳಿಗ್ಗೆ ಇಬ್ಬರೂ ಬ್ಯಾಗು, ಟವೆಲು, ವಿಭೂತಿಯ ಚೀಲ ಸಮೇತ ಕೆಳಗಿಳಿದರು. ಟೀಚರಮ್ಮ ಪಡಸಾಲೆಯ ಮೂಡಣ ಕಿಟಕಿಯ ಹತ್ತಿರ ನೆಲ ಒರೆಸಿ, ಹೊಸ ವಸ್ತ್ರ ಹಾಸಿದ ಕುರ್ಚಿ ಇಟ್ಟಿದ್ದರು. ಬಚ್ಚಲಲ್ಲಿ ಬಿಸಿನೀರು ಹದವಾಗಿ ಬಕೀಟು ತುಂಬಿತ್ತು. ಛತ್ತಿನ ಕೆಳಗಿನ ಪ್ಲಾಸ್ಟಿಕ್ ಹಾಳೆ ಇರಲಿಲ್ಲ.

"ಬಾಗಿಲ ಮುಂದ ಮಾಡ್ಕೋ ಅಷ್ಟ, ಚಿಲಕ ಹಾಕಬ್ಯಾಡ ಆಯಿ. ನಾ ಇಲ್ಲೇ ನಿಂದ್ರತೀನಿ" ಎಂದಳು ಕಾವ್ಯಾ. ಅವಳ ಕಣ್ಣು ಗಡಿಯಾರದ ಮೇಲೂ ಇತ್ತು, ದೇವದುರ್ಗದ ಬಸ್ಸಿನ ಹೊತ್ತಾಗಿತ್ತು.

ಬಸವಂತಮ್ಮ ಒಳಗೆ ಹೋಗಿ ಚಿಲಕ ಹಾಕಿದಳು.

ರಾಡು ಹಿಡಿದು ಪೀಠದ ಮೇಲೆ ಕೂತಳು. ಮೊದಲ ತಂಬಿಗೆಯ ನೀರು ಅರ್ಧ ನೆಲಕ್ಕೆ ಹೋಯಿತು. ಎರಡನೆಯದು ಸರಿಯಾಗಿ ಹೆಗಲ ಮೇಲೆ ಇಳಿಯಿತು. ತನ್ನ ಕೈಯಿಂದ ತನ್ನ ಮೈ ತಿಕ್ಕಿಕೊಂಡ ಸುಖಕ್ಕೆ ಅವಳಿಗೆ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ. ಕಣ್ಣು ಮಾತ್ರ ತೆರೆದೇ ಇತ್ತು. ತೊಡೆಯ ಮೇಲಿನ ಆಪರೇಷನ್ ಗಾಯದ ಗೆರೆಯನ್ನು ಅವತ್ತೇ ಅವಳು ಸರಿಯಾಗಿ ನೋಡಿದ್ದು.

"ಆಯಿ, ಬರ್ಲೇನು?" ಹೊರಗಿನಿಂದ ಕಾವ್ಯಾ ಬಾಗಿಲು ಬಡಿದಳು.

"ಬರಬ್ಯಾಡ" ಎಂದಳು ಬಸವಂತಮ್ಮ. ದನಿ ನಾಲ್ಕು ಮಹಡಿಗೂ ಕೇಳಿಸಿತು. "ಬಸ್ ತಪ್ಪತದ. ಹೋಗಿ ಬಾ ನನ್ನವ್ವಾ."

ಹೊರಗೆ ಬ್ಯಾಗು ಎತ್ತಿದ ಸಪ್ಪಳ, ಟೀಚರಮ್ಮನ ಮೆಲುದನಿ, ಚಪ್ಪಲಿಯ ಸದ್ದು, ಲಿಫ್ಟಿನ ಬಾಗಿಲು. ಬಸವಂತಮ್ಮ ಲಿಫ್ಟು ನೆಲಕ್ಕೆ ಇಳಿಯುವವರೆಗೂ ಕಿವಿಗೊಟ್ಟು ಕೂತಿದ್ದಳು. ಬಕೀಟಿನಲ್ಲಿ ಇನ್ನೂ ನೀರಿತ್ತು, ಹೊರಗೆ ಅವಳಿಗಾಗಿ ಯಾರೂ ನಿಂತಿರಲಿಲ್ಲ. ತಂಬಿಗೆ ತುಂಬ ತುಂಬಿಕೊಂಡು ತಲೆಯ ಮೇಲೆ ನಿಧಾನವಾಗಿ ಸುರಿದುಕೊಂಡಳು.